ಗೌರಾಬಾಯಿಯ ರೊಟ್ಟಿ ಹರಿದ ಬೇಸಿಗೆ

ಆಳಂದದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಗೌರಾಬಾಯಿಯ ಖಾನಾವಳಿ. ಬೋರ್ಡಿನ ಅಕ್ಷರಗಳನ್ನು ಬಿಸಿಲು ಒಂದೊಂದಾಗಿ ತಿಂದು, ಎಂಬತ್ತರ ದಶಕದ ನಡುವಿನ ಹೊತ್ತಿಗೆ ‘ಖಾನಾ’ ಎಂಬುದಷ್ಟೇ ಉಳಿದಿತ್ತು. ಮತ್ತೆ ಬರೆಸಬೇಕೆಂದು ಗೌರಾಬಾಯಿಗೆ ಪ್ರತಿ ದೀಪಾವಳಿಗೂ ಅನ್ನಿಸುತ್ತಿತ್ತು. ಆಮೇಲೆ, ಹಸಿದವರಿಗೆ ಅಷ್ಟು ಗೊತ್ತಾದರೆ ಸಾಕಲ್ಲ ಅನ್ನಿಸಿ ಸುಮ್ಮನಾಗುತ್ತಿದ್ದಳು. ಗಂಡ ತೀರಿಕೊಂಡ ವರ್ಷ ರೊಟ್ಟಿ ಬಡಿಯಲು ಒಲೆಯ ಮುಂದೆ ಕುಳಿತವಳು. ನಡುವೆ ಮಗ ಸೂರ್ಯಕಾಂತ ಬೆಳೆದ, ಸರಕಾರಿ ಬಸ್ಸಿನ ಡ್ರೈವರ್ ಆದ, ಸೊಲ್ಲಾಪುರದ ದಾರಿಯಲ್ಲಿ ಹೋಗುತ್ತ ಬರುತ್ತ ಉಳಿದ. ಇವೆಲ್ಲ ಅವಳ ಬೆನ್ನ ಹಿಂದೆ ನಡೆದವು, ಯಾಕೆಂದರೆ ಅವಳ ಮುಖ ಒಲೆಯ ಕಡೆಗಿತ್ತು.

ಈಗ ಬಲಹೆಗಲು ಕೆಟ್ಟಿತ್ತು. ಕೈ ಎತ್ತಿದರೆ ಎಣ್ಣೆ ಕಾಣದ ಬಾಗಿಲಿನ ಹಾಗೆ ಕಿರ್ ಎನ್ನುತ್ತಿತ್ತು. ಡಾಕ್ಟರು ‘ವಿಶ್ರಾಂತಿ ತಗೋರಿ’ ಎಂದು ಹೇಳಿ, ಸಂಜೆ ತಮ್ಮ ಮನೆಗೊಂದಿಷ್ಟು ರೊಟ್ಟಿ ಕಟ್ಟಿ ಕಳಿಸಲು ಅದೇ ಉಸಿರಿನಲ್ಲಿ ಹೇಳಿದ್ದರು. ವಿಶ್ರಾಂತಿ ಎನ್ನುವುದು ಔಷಧದ ಅಂಗಡಿಯಲ್ಲಿ ಸಿಗುವುದಿಲ್ಲ, ಸೊಸೆಯ ರೂಪದಲ್ಲಿ ಮನೆಗೆ ಬರಬೇಕು ಎಂಬುದು ನಮ್ಮ ಕಡೆಯ ತಿಳಿವಳಿಕೆ. ಹಾಗಾಗಿ ಅಫಜಲಪುರ ತಾಲೂಕಿನ ಅತನೂರಿನಿಂದ ಅಮೃತ ಬಂದಳು.

ಮಾತು ಕಡಿಮೆ, ಕೈ ಚುರುಕು. ಅವಳು ಬಡಿದ ರೊಟ್ಟಿಯ ಮೇಲೆ ಬೆರಳಿನ ಗುರುತು ಉಳಿಯುತ್ತಿರಲಿಲ್ಲ. ಹಂಚಿನ ಮೇಲೆ ಬಿದ್ದರೆ ಉಬ್ಬಿ ತಾನಾಗಿ ಹೊರಳಲು ನೋಡುತ್ತಿತ್ತು. ಗೌರಾಬಾಯಿ ಮೊದಲ ಸಲ ಬಾಗಿಲ ಹತ್ತಿರದ ಕಟ್ಟೆಯ ಮೇಲೆ ಬಂದು ಕುಳಿತಳು. ಇಷ್ಟು ವರ್ಷ ಉಂಡುಹೋದವರ ಧ್ವನಿ ಮಾತ್ರ ಅವಳಿಗೆ ಗೊತ್ತಿತ್ತು. ಈಗ ಮುಖಗಳನ್ನೂ ನೋಡಿದಳು. ಅರ್ಧ ಮಂದಿಯ ವಿಷಯದಲ್ಲಿ ನಿರಾಸೆಯಾಯಿತು. ಆದರೂ ಕುಳಿತಿರುವುದು ಸುಖವಾಗಿತ್ತು.

ಆ ಸುಖ ಹೋಳಿ ಹುಣ್ಣಿಮೆಯ ತನಕ ನಡೆಯಿತು. ಹುಣ್ಣಿಮೆಯಾದ ಮೇಲೆ ಹಳೆಯ ಜೋಳ ತಳ ಕಂಡಿತು. ಆಗಲೇ ತವರೂರು ಸರಸಂಬಾದಿಂದ ತಮ್ಮ ಶಿವರಾಯನ ಜೋಳದ ಚೀಲಗಳು ಬಂದಿಳಿದವು.

ಈ ಚೀಲಗಳ ಸಂಗತಿ ಹೇಳಬೇಕು. ಗೌರಾಬಾಯಿಯ ಅಪ್ಪ, ಗಂಡನಿಲ್ಲದ ಮಗಳಿಗೆ ಹೊಲದಲ್ಲಿ ಪಾಲು ಕೊಡುವ ಧೈರ್ಯ ಮಾಡಲಿಲ್ಲ. ಬದಲಿಗೆ ರಾಶಿಯಲ್ಲಿ ಪಾಲು ಕೊಟ್ಟ. ಕಣದಲ್ಲಿ ಜೋಳ ತೂರಿದ ಮೇಲೆ ಮೊದಲು ತುಂಬುವ ಚೀಲಗಳು ಅಕ್ಕನವು, ಉಳಿದದ್ದು ಮನೆಯದು. ಅಪ್ಪ ಹೋದ ಮೇಲೆ ತಮ್ಮನೂ ಅದನ್ನು ಬಿಡಲಿಲ್ಲ. ಓಣಿಯ ಹೆಂಗಸರು ಪಂಚಮಿಗೆ ತವರಿನಿಂದ ಬಂದ ಸೀರೆ ತೋರಿಸಿದರೆ ಗೌರಾಬಾಯಿ ಒಳಗೆ ಕರೆದು ಚೀಲ ತೋರಿಸುತ್ತಿದ್ದಳು.

ಆ ವರ್ಷ ಮಾಘದಲ್ಲಿ, ಕೊಯ್ದ ತೆನೆ ಕಣದಲ್ಲಿ ಬಿದ್ದಿದ್ದಾಗ, ಕರೆಯದ ಮಳೆ ಬಂದು ಬೀಗರಂತೆ ತಳವೂರಿ ಹೋಗಿತ್ತು. ಚೀಲ ಬಿಚ್ಚಿದಾಗ ಕಾಳು ತುಸು ಮಬ್ಬಾಗಿ, ಮೂತಿ ಕಪ್ಪಾಗಿ ಕಂಡಿತು. ಆದರೆ ತವರಿನ ಜೋಳದ ಮೂತಿ ಯಾರು ನೋಡುತ್ತಾರೆ?

ಮರುದಿನದಿಂದ ರೊಟ್ಟಿ ಹರಿಯತೊಡಗಿತು. ಹಿಟ್ಟು ಅಂಗೈಗೆ ಅಂಟುತ್ತಿತ್ತು, ತಟ್ಟಿದರೆ ಅಂಚು ಸೀಳುತ್ತಿತ್ತು, ಎತ್ತಿ ಹಂಚಿಗೆ ಹಾಕುವಷ್ಟರಲ್ಲಿ ನಡುವೆ ಕಿಟಕಿ ತೆರೆಯುತ್ತಿತ್ತು. ಬೇಯುವ ಮೊದಲೇ ಕೆಂಪಾಗಿ ಬಿಡುತ್ತಿತ್ತು.

“ಬಾಯಿಯವ್ರ, ರೊಟ್ಟಿ ಕೇಳಿದ್ರ ಅಫಜಲಪುರ ತಾಲೂಕಿನ ನಕಾಶಾ ಕೊಟ್ಟೀರಲ್ರಿ,” ಎಂದ ತಹಸೀಲ ಕಚೇರಿಯ ಗಿರಾಕಿಯೊಬ್ಬ. ಪಕ್ಕದವನು, “ಇಲ್ಲಿ ನೋಡು, ಭೀಮಾ ನದಿ ಸೈತ ಹರದದ,” ಎಂದು ಬೆರಳಿನಿಂದ ತೋರಿಸಿದ. ಸೊಸೆ ಯಾವ ತಾಲೂಕಿನವಳು ಎಂದು ಎಲ್ಲರಿಗೂ ಗೊತ್ತಿತ್ತು. ಒಳಗೆ ಅಮೃತಳಿಗೂ ಕೇಳಿಸಿತು.

“ಏನ್ಬೇ, ನಿನ್ನ ಕೈಗೆ ಏನಾಗ್ಯದ?” ಎಂದಳು ಗೌರಾಬಾಯಿ.

“ತಿಳೀವಲ್ದ್ರಿ ಅತ್ತಿ. ಹಿಟ್ಟು ನಿಂದ್ರವಲ್ದು.”

“ಹಿಟ್ಟಿಗೇನು ಕಾಲ ಅವ ಏನು ನಿಂದ್ರಾಕ? ಕೈ ಇಲ್ಲಿಟ್ಟು ಮನಸ್ಸು ಅತನೂರಾಗ ಇಟ್ರ ಹಿಂಗ ಆಗತದ.”

ಅಮೃತ ಇನ್ನೊಂದು ಉಂಡೆ ತೆಗೆದುಕೊಂಡಳು. ಅದೂ ಹರಿಯಿತು.

ಗೌರಾಬಾಯಿ ಹಿಟ್ಟಿನ ಗಿರಣಿಗೂ ಹೋಗಿ ಬಂದಳು. ಗಿರಣಿಯ ಗುಡುಸಾಬ ವಯಸ್ಸಾದವನು, ತಲೆಯಿಂದ ಕಾಲಿನವರೆಗೆ ಹಿಟ್ಟು ಮೆತ್ತಿಕೊಂಡು ಯಾವ ಕಾಲದಿಂದಲೋ ಅಲ್ಲೇ ನಿಂತವನು.

“ಗುಡುಸಾಬಣ್ಣ, ಬೀಸೋ ಕಲ್ಲು ಸವದಾವೇನು, ಟಾಕಿ ಹೊಡಿಸಿಲ್ಲೇನು? ಹಿಟ್ಟು ಹದಕ್ಕ ಬರವಲ್ದು.”

“ಹೋದ ವಾರನೇ ಹೊಡಿಸೇನ್ರಿ.” ಅವನು ಒಂದು ಹಿಡಿ ಕಾಳು ತೆಗೆದು ಅಂಗೈಯಲ್ಲಿ ಹೊರಳಿಸಿದ. “ಈ ಜ್ವಾಳ ಎಲ್ಲಿದು ಬಾಯಿ?”

“ನಮ್ಮ ತವರದು.”

ಗುಡುಸಾಬ ಕಾಳನ್ನು ಮೆಲ್ಲಗೆ ಚೀಲಕ್ಕೆ ಹಾಕಿದ. “ಹಂಗಾರ ತಪ್ಪು ಕಲ್ಲಿಂದೇ ಇರಬೇಕ್ರಿ. ಮತ್ತೊಮ್ಮಿ ಟಾಕಿ ಹೊಡಿಸ್ತೇನಿ,” ಎಂದ.

ಒಂದು ಮಧ್ಯಾಹ್ನ ಅಮೃತ ಬಟ್ಟೆ ಒಗೆಯಲು ಹೋಗಿದ್ದಾಗ ಗೌರಾಬಾಯಿ ತಾನೇ ಒಲೆ ಮುಂದೆ ಕುಳಿತಳು. ಹಿಟ್ಟು ಪರಾತದಲ್ಲಿ ಹಾಕಿ, ನಡುವೆ ಕುಣಿ ಮಾಡಿ, ಎಸರಿನ ಬಿಸಿನೀರು ಹೊಯ್ದು, ನಾದಿದಳು. ತಟ್ಟಿದಳು. ಹರಿಯಿತು. ಕೈ ರೂಢಿ ತಪ್ಪಿದೆ ಎಂದುಕೊಂಡು ಮತ್ತೊಂದು ತಟ್ಟಿದಳು. ಅದೂ ಹರಿಯಿತು. ಮೂರನೆಯದು ಎತ್ತುವಾಗಲೇ ಅರ್ಧ ಕೈಯಲ್ಲಿ, ಅರ್ಧ ಕಲ್ಲಿನ ಮೇಲೆ. ಆಳಂದದ ಅರ್ಧ ಊರಿಗೆ ಉಣ್ಣಿಸಿದ ಕೈ ಅದು. ಅವಳು ಎಲ್ಲವನ್ನೂ ಚೂರು ಮಾಡಿ ಹಿತ್ತಲಿನ ಎಮ್ಮೆಯ ಬಾನಿಗೆ ಹಾಕಿದಳು. ಎಮ್ಮೆ ತಕರಾರು ಮಾಡಲಿಲ್ಲ.

“ರೊಟ್ಟಿ ಹೆಂಗ ಬಂದ್ವು ಅತ್ತಿ?” ಎಂದಳು ಅಮೃತ, ಬಂದು ಬಕೆಟ್ ಇಳಿಸುತ್ತ.

“ಛಲೋ ಬಂದ್ವು,” ಎಂದಳು ಗೌರಾಬಾಯಿ.

ಅವಳು ಕೆಟ್ಟವಳಲ್ಲ. ದಣಿದವಳು. ಸೊಸೆಯ ಕೈ ಕೆಟ್ಟದ್ದೆಂದರೆ ಒಂದು ಮಾತಿನಲ್ಲಿ ಮುಗಿಯುತ್ತದೆ, ಊರು ಒಪ್ಪುತ್ತದೆ. ತವರಿನ ಜೋಳ ಕೆಟ್ಟದ್ದೆಂದರೆ ಅಪ್ಪನ ಮಾತು, ತಮ್ಮನ ನಿಯತ್ತು, ತಾನು ಓಣಿಗೆಲ್ಲ ತೋರಿಸಿದ ಚೀಲ, ಎಲ್ಲದರ ಬಾಯಿ ಬಿಚ್ಚಬೇಕು. ಅಷ್ಟು ಕೆಲಸ ಮಾಡುವ ಶಕ್ತಿ ಅವಳಲ್ಲಿ ಇರಲಿಲ್ಲ.

ಇಲ್ಲಿ ನಾಗಣ್ಣ ಮಾಸ್ತರರು ಬರುತ್ತಾರೆ. ಜೇವರ್ಗಿಯವರು, ಹೆಂಡತಿ ಮಕ್ಕಳು ಅಲ್ಲಿ, ಇವರು ಆಳಂದದ ಬಾಡಿಗೆ ಕೋಣೆಯಲ್ಲಿ, ನೌಕರಿ ನರೋಣಾದ ಹೈಸ್ಕೂಲಿನಲ್ಲಿ. ಎರಡು ಹೊತ್ತಿನ ಊಟ ಗೌರಾಬಾಯಿಯಲ್ಲಿ. ವಿಜ್ಞಾನ ಹೇಳಿ ಹೇಳಿ ಅವರಿಗೂ ಸಾಕಾಗಿತ್ತು. ‘ಕಿಣ್ವಗಳು ಜೈವಿಕ ವೇಗವರ್ಧಕಗಳು’ ಎಂದು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುತ್ತಿದ್ದರು, ಹುಡುಗರು ಪ್ರತಿ ವರ್ಷ ಬರೆದುಕೊಳ್ಳುತ್ತಿದ್ದರು. ಹಾಗೆಂದರೇನು ಎಂದು ಇಬ್ಬರೂ ಒಬ್ಬರನ್ನೊಬ್ಬರು ಕೇಳುತ್ತಿರಲಿಲ್ಲ.

ಓದಿದವರಾದ್ದರಿಂದ ಅವರು ಮೊದಲು ಸಲಹೆ ಕೊಟ್ಟರು. “ಬಾಯಿಯವ್ರ, ಹಿಟ್ಟು ಉಗುರುಬೆಚ್ಚನ ನೀರಾಗ ನಾದಿ, ಹಸಿ ಅರಬಿ ಮುಚ್ಚಿ ತಾಸೊತ್ತು ಇಡ್ರಿ. ನಮ್ಮ ಮನ್ಯಾಗ ಚಪಾತಿಗೆ ಹಂಗ ಮಾಡತಾರ. ಮೆತ್ತಗ ಆಗತದ.”

ಆಯಿತು. ಬಹಳ ಮೆತ್ತಗಾಯಿತು. ಅರಿವೆ ತೆಗೆದರೆ ಹಿಟ್ಟು ಪರಾತದಲ್ಲಿ ಹರಡಿಕೊಂಡು ಮಲಗಿತ್ತು, ಏಳಿಸಿದರೂ ಏಳಲಿಲ್ಲ. ಆ ದಿನ ಎಲ್ಲರೂ ಅನ್ನ ಉಂಡರು. ಮಾಸ್ತರರಿಗೆ ಮಾತ್ರ, ತಪ್ಪಿತಸ್ಥರೆಂದು, ಆ ಹಿಟ್ಟಿನಿಂದ ಹೇಗೋ ಕೆರೆದು ತೆಗೆದ ಒಂದು ದಪ್ಪ ರೊಟ್ಟಿ ಸಿಕ್ಕಿತು. ಒಂದು ತುತ್ತು ಬಾಯಿಗೆ ಹಾಕಿ ಅವರು ಅಗಿಯುವುದನ್ನೇ ನಿಲ್ಲಿಸಿಬಿಟ್ಟರು.

“ಇದಕ್ಕ ಬೆಲ್ಲ ಹಾಕೀರೇನ್ರಿ?”

“ರೊಟ್ಟಿಗೆ ಯಾರರ ಬೆಲ್ಲ ಹಾಕತಾರೇನ್ರಿ ಸರ್?”

“ಸಿಹಿ ಅದ.” ಮತ್ತೊಂದು ತುತ್ತು ಅಗಿದರು. ಇಷ್ಟು ವರ್ಷ ಬೋರ್ಡಿನ ಮೇಲೆ ಬರೆದದ್ದು ಮೊದಲ ಸಲ ತಾಟಿನಲ್ಲಿ ಬಂದು ಕುಳಿತಿತ್ತು. ಅವರು ಬೇಳೆಸಾರು ಬರುವ ಮೊದಲೇ ಕೈ ತೊಳೆದು ಎದ್ದರು, ಹಿಂದೆಂದೂ ಹಾಗೆ ಮಾಡಿದವರಲ್ಲ.

ಭಾನುವಾರ ಗಿರಾಕಿಗಳು ಹೋದ ಮೇಲೆ ಮಾಸ್ತರರು ಒಲೆಯ ಹತ್ತಿರ ಬಂದು ಕುಳಿತರು. ಪಕ್ಕದ ಮನೆಯಿಂದ ತಂದ ಹಳೆಯ ಜೋಳದ ಹಿಟ್ಟಿನಿಂದ ಗಟ್ಟಿ ಗಂಜಿ ಕಾಯಿಸಲು ಅಮೃತಳಿಗೆ ಹೇಳಿದರು. ಚಮಚ ನಿಲ್ಲುವಂಥ ಗಂಜಿ. ಎರಡು ಬಟ್ಟಲಿಗೆ ಹಾಕಿಸಿ, ಬೆರಳು ಇಡುವಷ್ಟು ಆರಲು ಬಿಟ್ಟರು. ಒಂದಕ್ಕೆ ಸರಸಂಬಾದ ಹಿಟ್ಟು ಒಂದು ಚಮಚ ಹಾಗೆಯೇ ಹಾಕಿ ಕಲಸಿದರು. ಅದೇ ಹಿಟ್ಟು ಇನ್ನೊಂದು ಚಮಚ ಸೌಟಿನಲ್ಲಿ ನೀರು ಹಾಕಿ ಚೆನ್ನಾಗಿ ಕುದಿಸಿ, ಆರಿಸಿ, ಎರಡನೆಯದಕ್ಕೆ ಹಾಕಿದರು. ಆಮೇಲೆ ಎಲೆ ಅಡಿಕೆ ಹಾಕಿಕೊಂಡು ಕುಳಿತರು. ಎಲೆ ಬಾಯಲ್ಲಿ ಕರಗುವಷ್ಟರಲ್ಲಿ ಮೊದಲ ಬಟ್ಟಲಿನ ಗಂಜಿ ಮಜ್ಜಿಗೆಯಂತೆ ನೀರಾಗಿತ್ತು. ಎರಡನೆಯದರಲ್ಲಿ ಚಮಚ ಇನ್ನೂ ನಿಂತೇ ಇತ್ತು.

“ಯವ್ವಾ!” ಎಂದಳು ಅಮೃತ. ಮದುವೆಯಾಗಿ ಬಂದ ಮೇಲೆ ಅವಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು.

“ಇದರಾಗ ಏನದ್ರಿ? ಹುಳಾನ?” ಎಂದಳು ಗೌರಾಬಾಯಿ.

“ಹುಳ ಅಲ್ಲ. ಕಿಣ್ವ ಅಂತಾರ. ಕಾಳು ಒಣಾ ಇದ್ದಾಗ ಅದು ಇರೂದು ನಾಮಕೇವಾಸ್ತೆ. ಮಳಿ ಬಿತ್ತು ಅಂದ್ರ ಕಾಳಿಗೆ ಬಿತ್ತಿದರು ಅಂತ ಭ್ರಮಿ ಆಗತದ. ಮೊಳಕಿಗೆ ಉಣ್ಣಾಕ ಬೇಕಲ? ಅದಕ್ಕ ಕಿಣ್ವ ತಯಾರ ಮಾಡತದ. ಹಿಟ್ಟು ಅಂದ್ರ ಒಂದು ದೊಡ್ಡ ಕೂಡು ಕುಟುಂಬ ಅಂತ ತಿಳೀರಿ. ಸಣ್ಣ ಸಣ್ಣ ಸಕ್ಕರಿ, ಸಾವಿರಾರು, ಕೈ ಕೈ ಹಿಡಕೊಂಡು ಕುಂತಾವ. ಕೈ ಹಿಡದಾಗ ಸಿಹಿ ಇಲ್ಲ, ಖರೆ ಜಿಗಿ ಅದ. ಅದಕ್ಕ ರೊಟ್ಟಿ ನಿಂದರತದ. ಈ ಕಿಣ್ವ ಮನಿ ಮುರಿಯಾಂವ. ಬರ್ತಾನ, ನಡುವ ಕುಂದರತಾನ, ಅಣ್ಣತಮ್ಮರ ಕೈ ಬಿಡಸತಾನ, ಎದ್ದು ಮುಂದಿನ ಮನಿಗೆ ಹೋಗತಾನ. ತನಗೇನೂ ಆಗೂದಿಲ್ಲ.”

“ನಮ್ಮ ಓಣಿ ದೊಡ್ಡಪ್ಪನಂಗ,” ಎಂದಳು ಗೌರಾಬಾಯಿ ತಕ್ಷಣ. ದೊಡ್ಡಪ್ಪ ಮೂರು ಮನೆ ಪಾಲು ಮಾಡಿಸಿ ನಾಲ್ಕನೆಯದರಲ್ಲಿ ಚಹಾ ಕುಡಿಯುತ್ತಿದ್ದವನು.

“ಹೌದ್ರಿ. ಆದರ ಈ ದೊಡ್ಡಪ್ಪಗ ಒಂದೇ ಜಾತಿ ಮನಿ ಮುರಿಯಾಕ ಬರತದ. ಅವನ ಕೈ ಹಿಟ್ಟಿನ ಕೈಗೆ ಮಾತ್ರ ಕೂಡತದ. ಎಣ್ಣಿ, ಬ್ಯಾಳಿ ತಂಟಿಗೆ ಹೋಗಾಂವಲ್ಲ. ಮತ್ತ ಎಷ್ಟು ಮನಿ ಮುರದರೂ ಸವದು ಹೋಗಾಂವಲ್ಲ.”

“ದುಡದು ಸವಿಯಲಾರದ್ದು ಯಾವುದರ ಅದೇನ್ರಿ?” ಗೌರಾಬಾಯಿ ಬಲಹೆಗಲು ಮುಟ್ಟಿಕೊಂಡಳು. “ಅಂಥಾದ್ದು ಒಂದು ನನ್ನ ಹೆಗಲಾಗ ಹಾಕ್ರಿ ಸರ್.”

ಮಾಸ್ತರರು ನಕ್ಕರು, ಆದರೆ ಒಮ್ಮೆ ಸಿಕ್ಕ ವಿದ್ಯಾರ್ಥಿಗಳನ್ನು ಬಿಡುವವರಲ್ಲ. ಚಳಿಯಲ್ಲಿ ಆ ದೊಡ್ಡಪ್ಪ ಕಂಬಳಿ ಹೊದ್ದು ಕೂರುತ್ತಾನೆ, ಕೆಲಸ ನಿಧಾನ; ಬೆಚ್ಚಗಾದಷ್ಟೂ ಓಡಾಟ ಜಾಸ್ತಿ; ನೀರು ಇಲ್ಲದಿದ್ದರೆ ಸಾಯುವುದಿಲ್ಲ, ಮಲಗಿರುತ್ತಾನೆ, ಅದಕ್ಕೇ ನೆನೆದ ಕಾಳು ಒಣಗಿಸಿದರೂ ಉಪಯೋಗವಾಗುವುದಿಲ್ಲ; ಹುಳಿ ತಾಕಿದರೆ ಅವನ ಕೈ ಕಟ್ಟಿದಂತಾಗುತ್ತದೆ; ಕುದಿಯುವ ನೀರು ತಾಕಿದರೆ ಕಥೆ ಮುಗಿಯಿತು.

“ಜೀವ ಇಲ್ಲದ್ದು ಸಾಯೂದು ಹೆಂಗ್ರಿ ಸರ್?” ಎಂದಳು ಅಮೃತ.

ಇಂಥ ಪ್ರಶ್ನೆ ನರೋಣಾದಲ್ಲಿ ಯಾರೂ ಕೇಳಿರಲಿಲ್ಲ. ಮಾಸ್ತರರು ಎಲೆ ಉಗುಳಿ ಬಂದು ಕುಳಿತರು. “ಸಾಯೂದಿಲ್ಲವಾ, ಆಕಾರ ಕೆಡತದ. ಹಾಲು ಒಡೀತು ಅಂದ್ರ ಮತ್ತ ಹಾಲು ಆಗತದೇನು? ಹಂಗ. ಅದರ ಕಸುವೆಲ್ಲ ಆಕಾರದಾಗ ಅದ. ಆಕಾರ ಹೋತು ಅಂದ್ರ ಹಿಟ್ಟಿನ ಕೈ ಹಿಡಿಯಾಕ ಬರೂದಿಲ್ಲ.”

“ನಾವು ಕುದಿಯೋ ಎಸರೇ ಹಾಕ್ತೇವಲ್ರಿ?”

“ಹಿಟ್ಟಿನ ಮ್ಯಾಲ ಎಸರು ಹೊಯ್ತೀರಿ. ಗುಡ್ಡದಷ್ಟು ತಣ್ಣನ ಹಿಟ್ಟು. ನೀರು ಬಿದ್ದಕೂಡ್ಲೆ ಆರತದ. ದೊಡ್ಡಪ್ಪಗ ಹೆಂಗ ಬೇಕೋ ಹಂಗ ಬೆಚ್ಚಗ. ಅದರ ಮ್ಯಾಲ ನಾನು ಅರಬಿ ಮುಚ್ಚಿಡ್ರಿ ಅಂದೆ. ಅವಗ ಹಾಸಿಗಿ ಹಾಸಿ ಕೊಟ್ಟಂಗಾತು.” ಮಾಸ್ತರರು ತಲೆ ಕೆರೆದುಕೊಂಡರು. “ಎಸರಿನ ಮ್ಯಾಲ ಹಿಟ್ಟು ಹಾಕ್ರಿ. ಒಲಿ ಮ್ಯಾಲೇ ಕುದಿಲಿ. ಒಂದಿಷ್ಟು ಹುಳಿ ಮಜ್ಜಿಗಿ ಬಿಡ್ರಿ. ಆಮ್ಯಾಲ ಸ್ವಲ್ಪ ಸ್ವಲ್ಪ ತಗೊಂಡು ಲಗೂನ ನಾದಿ ತಟ್ರಿ. ಇದು ಕೈಯಿಂದಾದ ತಪ್ಪಲ್ಲ. ಜ್ವಾಳಕ್ಕ ಮಳಿ ಬಡದದ.”

ಕೊನೆಯ ಮಾತು ಬಿದ್ದ ಕೂಡಲೇ ಗೌರಾಬಾಯಿ ಎದ್ದು ನಿಂತಳು. “ನಮ್ಮ ತಮ್ಮ ಮಳಿ ಬಡದ ಜ್ವಾಳ ಕಳಸಾಂವಲ್ಲ ಸರ್. ನಿಮ್ಮ ಬುಕ್ಕಿನಾಗ ಬ್ಯಾರೆ ಜ್ವಾಳ ಇರಬೇಕು,” ಎಂದು ನೀರಾದ ಗಂಜಿಯನ್ನು ಮೋರಿಗೆ ಸುರಿದಳು. ಮಾಸ್ತರರು ಚಪ್ಪಲಿ ಮೆಟ್ಟಿದರು. ಅಮೃತ ಬಟ್ಟಲು ತೊಳೆದಳು. ಮರುದಿನ ಮತ್ತೆ ಹಿಟ್ಟಿನ ಮೇಲೆಯೇ ಎಸರು ಬಿತ್ತು, ರೊಟ್ಟಿ ಹರಿಯಿತು, ಬೈಗುಳವೂ ನಡೆಯಿತು. ಆದರೆ ಬೈಗುಳಕ್ಕೂ ಈಗ ಜಿಗಿ ಇರಲಿಲ್ಲ.

ಯುಗಾದಿ ಕಳೆದ ವಾರ ಅಮೃತಳ ಅಪ್ಪ ಹಣಮಂತರಾಯ ಅತನೂರಿನಿಂದ ಬಂದ. ಮಗಳ ರೊಟ್ಟಿಯ ಸುದ್ದಿ ಬಸ್ಸು ಹತ್ತಿ ಅತನೂರು ತಲುಪಿತ್ತು. ಅವನು ಕಟ್ಟೆಯ ಅಂಚಿನಲ್ಲಿ, ಅರ್ಧ ಕುಳಿತು ಅರ್ಧ ನಿಂತು, ರುಮಾಲಿನಿಂದ ಮುಖ ಒರೆಸಿಕೊಂಡ.

“ಬೀಗತೇರ, ತಪ್ಪು ನಮ್ದು. ಹುಡಗಿಗಿ ಕೆಲಸ ಕಲಸಲಾರದ ಕಳಿಸೇವಿ. ಸೂರ್ಯಕಾಂತಗೂ ಸೊಲ್ಲಾಪುರ ಬಸ್ಸಿನಾಗ ಭೆಟ್ಟಿ ಆಗಿ ಹೇಳೇನಿ. ಕರ್ಕೊಂಡ ಹೋಗತೇನಿ. ಅವರವ್ವನ ಕೈಯಾಗ ನಾಕ ದಿನ ಕಲೀಲಿ.”

ನಾಲ್ಕು ದಿನ ಎಂದರೆ ಎಷ್ಟು ಎಂದು ಗೌರಾಬಾಯಿಗೆ ಗೊತ್ತಿತ್ತು. ಕೆಲಸ ಬಾರದೆಂದು ತವರಿಗೆ ಹೋದ ಹುಡುಗಿ ಮರಳಿ ಬರುವಾಗ ತಲೆ ಎತ್ತಿ ಬರುವುದಿಲ್ಲ; ಕೆಲವರು ಬರುವುದೇ ಇಲ್ಲ. ಒಳಗೆ ಟ್ರಂಕಿನ ಸದ್ದು ಕೇಳಿತು. ಅಮೃತ ವಾದ ಮಾಡದೆ ಸೀರೆ ಮಡಚುತ್ತಿದ್ದಳು. ಗೌರಾಬಾಯಿಗೆ ನಾಳೆಯಿಂದ ತಾನು ಕೂರಬೇಕಾದ ಒಲೆ ಕಂಡಿತು. ಅದಕ್ಕಿಂತ ಮೊದಲು ಎದುರಿಗೆ ತಲೆ ತಗ್ಗಿಸಿ ಕುಳಿತ ಈ ಮನುಷ್ಯ ಕಂಡ. ಇವನ ರುಮಾಲು ಅವಳ ಅಪ್ಪನ ರುಮಾಲಿನಂತೆಯೇ ಇತ್ತು. ಅಪ್ಪನೂ ಒಮ್ಮೆ ಯಾರದೋ ಕಟ್ಟೆಯ ಅಂಚಿನಲ್ಲಿ ಹೀಗೆಯೇ ಕುಳಿತಿದ್ದಿರಬೇಕು.

“ಕುಂದರ್ರಿ ಬೀಗರ. ಸರಿಯಾಗಿ ಕುಂದರ್ರಿ,” ಎಂದಳು. “ನಿಮ್ಮ ಹುಡಗಿ ಕೈ ಛಲೋ ಅದ. ಜ್ವಾಳ ನನ್ನ ತವರದು. ಮಳಿ ಬಡದದ. ನಾ ತಟ್ಟಿದ್ರೂ ಹರೀತಾವ. ತಟ್ಟಿ ನೋಡೇನಿ.”

ಹಣಮಂತರಾಯ ಕಟ್ಟೆಯ ಮೇಲೆ ಪೂರ್ತಿ ಕುಳಿತ. ಒಳಗೆ ಟ್ರಂಕಿನ ಸದ್ದು ನಿಂತಿತು.

“ಮಳಿ ಬಡದ್ರ ರೊಟ್ಟಿ ಹರೀತಾವೇನ್ರಿ?” ಎಂದ.

“ಹರೀತಾವಂತ. ಮಾಸ್ತರ್ ಗಂಜಿ ಮಾಡಿ ತೋರ್ಸ್ಯಾರ. ನನಗ ಪೂರಾ ತಿಳೀಲಿಲ್ಲ, ಖರೆ ಕಣ್ಣಿಗೆ ಕಂಡದ.”

“ನಮ್ಮ ಜ್ವಾಳನೂ ಅದೇ ಮಳ್ಯಾಗ ನೆಂದಾವ್ರಿ ಬೀಗತೇರ,” ಎಂದ ಹಣಮಂತರಾಯ, ರುಮಾಲು ತೊಡೆಯ ಮೇಲೆ ಇಟ್ಟುಕೊಂಡು. “ಹೋಳಿಯಿಂದ ನಮ್ಮ ಮನ್ಯಾಕಿಗೆ ಬೈಯಾಕತ್ತೇನಿ. ಮುದುಕಿ ಆದಿ, ಕೈ ಬಿತ್ತು ಅಂತ. ಇವತ್ತು ಮುಂಜಾನಿ ಸೈತ ಬೈದು ಬಂದೇನಿ.”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಚಹಾ ಬಂತು. ಹಣಮಂತರಾಯ ಮಧ್ಯಾಹ್ನದ ಬಸ್ಸಿಗೆ ಒಬ್ಬನೇ ಹೋದ. ಹೋಗುವಾಗ, ಹಿಟ್ಟಿನ ಮೇಲೆ ಎಸರೋ ಎಸರಿನ ಮೇಲೆ ಹಿಟ್ಟೋ ಎಂದು ಬಾಗಿಲಲ್ಲಿ ಇನ್ನೊಮ್ಮೆ ಕೇಳಿ ತಿಳಿದುಕೊಂಡ.

ಗೌರಾಬಾಯಿ ಒಳಗೆ ಬಂದಳು. ಅಮೃತ ಸೀರೆಗಳನ್ನು ಮತ್ತೆ ಗೂಟಕ್ಕೆ ಹಾಕುತ್ತಿದ್ದಳು.

“ಎಮ್ಮಿ ಬಾನ್ಯಾಗ ರೊಟ್ಟಿ ಚೂರ ನಾ ಅವತ್ತೇ ನೋಡಿದ್ದೆ ಅತ್ತಿ,” ಎಂದಳು, ಬೆನ್ನು ತಿರುಗಿಸಿಕೊಂಡೇ.

“ಮತ್ತ ಬಾಯಿ ಬಿಡಬಾರದಿತ್ತೇನ್ಬೇ?”

“ನೀವೇ ಹೇಳ್ತೀರೇನೋ ಅಂತ ಕಾಯಾಕತ್ತಿದ್ದೆ.”

ಗೌರಾಬಾಯಿ ಹೋಗಿ ಎಸರಿಗೆ ನೀರಿಟ್ಟಳು. ನೀರು ಕುದಿಯಿತು. ಆಮೇಲೆ ಅಮೃತ ಹಿಟ್ಟು ಸುರಿದಳು, ಗೌರಾಬಾಯಿ ಎಡಗೈಯಿಂದ ಕೋಲು ತಿರುವಿದಳು. ಹುಳಿ ಮಜ್ಜಿಗೆ ಬಿತ್ತು, ಉಗಿ ಮುಖಕ್ಕೆ ಹೊಡೆಯಿತು. ಕೈ ಸುಡುವ ಹಿಟ್ಟನ್ನು ಉಂಡೆ ಉಂಡೆಯಾಗಿ ತೆಗೆದು ಅಮೃತ ತಟ್ಟಿದಳು. ಮೊದಲನೆಯದು ಹರಿಯಿತು. ಎರಡನೆಯದು ಅಂಚಿನಲ್ಲಿ ಸೀಳಿ ಅಷ್ಟಕ್ಕೇ ನಿಂತಿತು. ಮೂರನೆಯದು ಹಂಚಿಗೆ ಇಡಿಯಾಗಿ ಬಿತ್ತು. ದಪ್ಪ ರೊಟ್ಟಿ, ಮೊದಲಿನ ಹಾಗೆ ಉಬ್ಬಲಿಲ್ಲ. ಸಂಜೆಯ ಗಿರಾಕಿ, “ಏನ್ರಿ, ನಕಾಶಾ ಕೂಡಿ ಬಂದದ,” ಎಂದ. “ಸುಮ್ಮನ ತಿನ್ರಿ,” ಎಂದಳು ಗೌರಾಬಾಯಿ ಬಾಗಿಲ ಹತ್ತಿರದ ಕಟ್ಟೆಯಿಂದ. ಮಾಸ್ತರರ ತಾಟಿಗೆ ಕೇಳದೆಯೇ ಒಂದು ಚಮಚ ತುಪ್ಪ ಬಿತ್ತು. ಕ್ಷಮೆ ಕೇಳುವ ಬೇರೆ ದಾರಿ ಆ ಮನೆಯಲ್ಲಿ ರೂಢಿಯಲ್ಲಿರಲಿಲ್ಲ.

ಬೇಸಿಗೆಯ ನಡುವೆ ಶಿವರಾಯ ಸಂತೆಗೆ ಬಂದವನು ಅಕ್ಕನ ಮನೆಗೂ ಬಂದ. ಉಣ್ಣಲು ಕುಳಿತ. ಒಂದು ರೊಟ್ಟಿ ಮುಗಿದ ಮೇಲೆ ಅಕ್ಕ ಮಾತು ತೆಗೆದಳು.

“ತಮ್ಮ, ಜ್ವಾಳಕ್ಕ ಮಳಿ ಬಡದದ. ಹಿಟ್ಟು ಎಸರಾಗ ಹಾಕಿ ಕುದಿಸಿ ಮಾಡಬೇಕು. ನಿನ್ನ ಹೇಣ್ತಿಗೂ ಹೇಳು. ಆಕಿಗೇನೂ ಅನಬ್ಯಾಡ.”

ಶಿವರಾಯನ ಕೈ ತಾಟಿನಲ್ಲೇ ನಿಂತಿತು. ಕಿವಿ ಕೆಂಪಾಯಿತು. ಅಪ್ಪನ ಕಾಲದಿಂದ ನಡೆದು ಬಂದದ್ದರಲ್ಲಿ ಒಂದು ಸೀಳು ಬಿದ್ದ ಹಾಗೆ ಅವನು ತಾಟನ್ನೇ ನೋಡುತ್ತ ಕುಳಿತ.

“ಹಂಗಾರ ಮುಂದಿನ ವರ್ಷ ಕಳಸೂದು ಬ್ಯಾಡೇನಕ್ಕ?”

“ಕಳಸು,” ಎಂದಳು ಗೌರಾಬಾಯಿ. “ಹೆಂಗ ಬೆಳೀತದ ಹಂಗ ಕಳಸು. ಇಲ್ಲಿ ನಾವು ಕುದಿಸಿಕೋತೇವಿ.”